ಕೌಂಟ್ ಸರಿ ಇದೆ

ಅಕ್ಟೋಬರ್ 3, ಶುಕ್ರವಾರ. ಬೆಳಗ್ಗೆ 10.40

ಗುಬ್ಬಿ ಮಲಗಿದ್ದಾಳೆ. ಹೆಚ್ಚೆಂದರೆ ನಲವತ್ತು ನಿಮಿಷ. ಅಷ್ಟರಲ್ಲಿ ಲಿಸ್ಟ್ ಮುಗಿಯಬೇಕು.

ಸಮುದ್ರದ ದಂಡೆಯಲ್ಲಿ ಬಾಡಿಗೆ ಮನೆ. ಐದು ದಿನ. ಇಪ್ಪತ್ತೈದಕ್ಕೆ ಹೊರಡುವುದು. ಡೈಪರ್ ದಿನಕ್ಕೆ ಏಳು. ಬಾಟಲಿ ಮೂರು. ಸೊಳ್ಳೆಪರದೆ, ಥರ್ಮಾಮೀಟರ್, ಜ್ವರದ ಔಷಧಿ. ಬಿಸಿಲಿಗೆ ಟೋಪಿ — ತರಬೇಕು. ಒಂದು ಕಾಲಂ ‘ಹೋಗುವಾಗ’, ಪಕ್ಕದ್ದು ‘ಬರುವಾಗ’. ಒಳಗೆ ಹೋದದ್ದೆಲ್ಲ ಹೊರಗೆ ಬರಬೇಕು. ಹನ್ನೊಂದು ವರ್ಷ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿ ಬೇರೇನೂ ಕಲಿಯದಿದ್ದರೂ ಇದೊಂದು ಕಲಿತೆ.

ಮಾಸ್ತರ ಹಿಂದಿನಿಂದ ಬಗ್ಗಿ ನೋಡಿದ. ಮಾಸ್ತರ ಅಂದರೆ ಗಂಡ. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಾನೆ. ಮದುವೆಗೆ ಮುಂಚೆ ನನಗೂ ಅವನೇ ಕಲಿಸಿದ್ದು, ಹೆಸರು ಹಾಗೇ ಅಂಟಿಕೊಂಡಿತು.

"ನಾವು ಹೋಗ್ತಿರೋದು ರಿಲ್ಯಾಕ್ಸ್ ಆಗೋಕೆ ಕಣೇ. ಯಾರ ಹೊಟ್ಟೆ ಕೊಯ್ಯೋಕೂ ಅಲ್ಲ."

"ಹಾಗಾದ್ರೆ ನಿನ್ನ ದಡಿಯನ ಸಾಮಾನು ನೀನೇ ಬರಿ."

ದಡಿಯ, ನಾಯಿ. ಹತ್ತು ವರ್ಷ, ಮೂತಿ ಬೆಳ್ಳಗಾಗಿದೆ. ಅವನ ಊಟ ನನ್ನ ಪಾಲು. ಸ್ನಾನ, ಹಾಸಿಗೆ ಎಲ್ಲ ಮಾಸ್ತರನ ಖಾತೆ. ಈಗ ಬಾಗಿಲ ಬಳಿ ಕೂತಿದ್ದಾನೆ. ಎಂಟು ತಿಂಗಳಿಂದ ಒಂದು ಚಟ — ಕಾರು ಬಂದರೆ ಇಳಿದವರನ್ನೆಲ್ಲ ಮೂಸುತ್ತಾನೆ, ಬಾಲ ಅಲ್ಲಾಡಿಸುತ್ತಾನೆ, ಆಮೇಲೂ ಕಾರಿನ ಕಡೆಗೇ ಮುಖ ಮಾಡಿ ಕಾಯುತ್ತಾನೆ. ಇನ್ನೂ ಯಾರೋ ಇಳಿಯಬೇಕು ಎನ್ನುವಂತೆ. ಗುಬ್ಬಿ ಮನೆಗೆ ಬಂದ ದಿನ ಶುರುವಾದದ್ದು. ಹೊಟ್ಟೆಕಿಚ್ಚು ಅನ್ನುತ್ತಾನೆ ಮಾಸ್ತರ.

ಎದ್ದಳು. ಇಪ್ಪತ್ತೆರಡೇ ನಿಮಿಷ.

ಅಕ್ಟೋಬರ್ 6, ಸೋಮವಾರ. ಮಧ್ಯಾಹ್ನ 12

ಬೀಚ್ ಮನೆಯಾಕೆಯ ಫೋನ್. ಮನೆ ಅವರದೇ. ದನಿ ಕೇಳಿದರೆ ಅರವತ್ತು ದಾಟಿದವರು, ಮಾತು ಶುರುವಾದರೆ ಬ್ರೇಕ್ ಇಲ್ಲ. ಅಂಗಳಕ್ಕೆ ಬೇಲಿ ಇದೆಯಂತೆ, ನಾಯಿ ತಪ್ಪಿಸಿಕೊಳ್ಳುವುದಿಲ್ಲ. ಅದರದೇ ಹಾಸಿಗೆ ತನ್ನಿ, ಹೊಸ ಜಾಗದಲ್ಲಿ ಹಳೇ ವಾಸನೆ ಇದ್ದರೆ ಗಲಾಟೆ ಮಾಡುವುದಿಲ್ಲ, ಅದು ನಮ್ಮ ರೂಲ್ ಅಂದರು. ಒಳ್ಳೆಯ ರೂಲ್. ಬರೆದುಕೊಂಡೆ.

ಆಮೇಲೆ — "ಎರಡು ತೊಟ್ಟಿಲೂ ರೆಡಿ ಮಾಡಿಸಿದೀನಮ್ಮ. ಕಿಟಕಿಗೆ ಆ ಕಡೆ ಒಂದು, ಈ ಕಡೆ ಒಂದು. ಹತ್ತಿರ ಹತ್ತಿರ ಇಟ್ರೆ ಒಂದು ಅತ್ತು ಇನ್ನೊಂದನ್ನೂ ಎಬ್ಬಿಸಿಬಿಡುತ್ತೆ."

ಹೂಂ ಎಂದೆ. ಥ್ಯಾಂಕ್ಸ್ ಎಂದೆ. ಇಟ್ಟೆ.

ಬುಕಿಂಗ್ ಫಾರಂ ತುಂಬಿದವಳು ನಾನು. ಗುಬ್ಬಿಗೆ ಹಾಲು ಕುಡಿಸುತ್ತಾ, ಒಂದೇ ಕೈಯಲ್ಲಿ. ಮಕ್ಕಳು: ಎರಡು ಎಂದು ಒತ್ತಿದೆನೇ? ನೆನಪಿಗೆ ಬರುತ್ತಿಲ್ಲ... ನೆನಪಿಗೆ ಬರದಿರುವುದೇ ಭಯ.

ನವೆಂಬರ್ ಮೂರಕ್ಕೆ ಡ್ಯೂಟಿಗೆ ಹಾಜರಾಗಬೇಕು. ಎಣಿಕೆ ತಪ್ಪುವವಳನ್ನು ಥಿಯೇಟರಿನಲ್ಲಿ ಯಾರು ನಿಲ್ಲಿಸಿಕೊಳ್ಳುತ್ತಾರೆ? ಕೂಸನ್ನಾದರೂ ಯಾರು ಕೈಗೆ ಕೊಟ್ಟು ಹೋಗುತ್ತಾರೆ?

ಮಾಸ್ತರನಿಗೆ ಹೇಳಲಿಲ್ಲ.

ಅಕ್ಟೋಬರ್ 9, ಗುರುವಾರ. ಸಂಜೆ 4

ಇದನ್ನು ಬರೆಯಲು ನಾಚಿಕೆ. ಆದರೂ ಬರೆಯುತ್ತೇನೆ, ಓದುವವರು ಯಾರೂ ಇಲ್ಲವಲ್ಲ.

ಬೆಳಗ್ಗೆ ಟೋಪಿ ತರಲು ಹೋದೆ. ಹಳದಿಯದು, ಅಂಚಿಗೆ ಗೀರು. ಕೈ ತಾನೇ ಎರಡು ಎತ್ತಿಕೊಂಡಿತು. ಅಂಗಡಿಯ ಹುಡುಗಿ ಕೇಳಿದಳು, "ಟ್ವಿನ್ಸಾ ಮೇಡಂ?" ಹೌದು ಎಂದೆ. ಇಬ್ಬರೂ ಹೆಣ್ಣಾ? ಹೌದು. ತುಂಬಾ ಕಷ್ಟ ಅಲ್ವಾ? ಹೌದು, ತುಂಬಾ. ಮನೆ ಸೇರುವವರೆಗೂ ಸುಖವಾಗಿದ್ದೆ. ನಿಜವಾಗಿ ಸುಖವಾಗಿದ್ದೆ.

ಅತ್ತೆ ಬಂದಿದ್ದರು. ಎರಡು ಬೀದಿ ಆಚೆ ಅವರ ಮನೆ. ಚೀಲ ಬಿಚ್ಚಿದವರೇ ಅವರು.

"ಯಾಕೇ ಎರಡು?"

"ಒಂದು ಗಾಳಿಗೆ ಹಾರಿ ಹೋದ್ರೆ ಅಂತ."

ನನ್ನ ಲಿಸ್ಟ್ ನೋಡಿದರು. ಐದು ಪುಟ. ನಕ್ಕರು. "ನಿಂದೆಲ್ಲ ಯಾವಾಗ್ಲೂ ಹೀಗೇ. ಕೂಸು ಹುಟ್ಟೋ ಮುಂಚೆ ಕುಲಾವಿ." ಬಾಯಿ ತಪ್ಪಿ ಬಂತು. ಬಂದದ್ದು ಅವರಿಗೂ ಗೊತ್ತಾಯಿತು. ಟೋಪಿಯನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಜನವರಿಯಲ್ಲಿ ಎರಡೆರಡು ಕುಲಾವಿ ಹೆಣೆದು ತಂದವರು ಅವರೇ.

ಹೋಗುವಾಗ ಚಪ್ಪಲಿ ಮೆಟ್ಟುತ್ತಾ, ಮುಖ ನೋಡದೆ ಹೇಳಿದರು. "ಗುಬ್ಬೀನ ನನ್ನ ಹತ್ರ ಬಿಟ್ಟು ನೀವಿಬ್ರೇ ಹೋಗಿ ಬನ್ನಿ. ನಿನ್ನ ಮನಸ್ಸು ಇನ್ನೂ ನೆಟ್ಟಗಾಗಿಲ್ಲ ಕಣಮ್ಮ. ನೀರಿನ ಹತ್ರ ಬೇರೆ."

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸರಿ ಇರಬಹುದು ಎನಿಸಿತು.

ಒಂದು ಟೋಪಿಯನ್ನು ಹಳೇ ಬೂಟಿನ ಡಬ್ಬಿಯಲ್ಲಿ ಇಟ್ಟೆ.

ಅಕ್ಟೋಬರ್ 10, ಶುಕ್ರವಾರ. ಬೆಳಗ್ಗೆ 11

ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ.

ಫೆಬ್ರವರಿ. ಎಂಟು ತಿಂಗಳು ತುಂಬುವ ಮೊದಲೇ ನೋವು. ನನ್ನದೇ ಆಸ್ಪತ್ರೆ, ನನ್ನದೇ ಥಿಯೇಟರ್, ನಾನೇ ದಿನಾ ಒರೆಸುವ ಟೇಬಲ್. ಸೊಂಟದ ಕೆಳಗೆ ಜೋಮು, ಮುಖದ ಮುಂದೆ ಹಸಿರು ಪರದೆ. ಮೊದಲನೆಯವಳನ್ನು ಎತ್ತಿದರು. ಅಳಲಿಲ್ಲ. ಮೂರು ನಿಮಿಷಕ್ಕೆ ಎರಡನೆಯವಳು. ಅತ್ತಳು. ಗುಬ್ಬಿ.

ನಾನು ಮೇಲೆ ದೀಪ ನೋಡುತ್ತಾ ಇದ್ದೆ. ಕತ್ತರಿ ಸಿಸ್ಟರ್ ಎಣಿಸುವುದು ಕೇಳುತ್ತಿತ್ತು — ಹಿರಿಯ ನರ್ಸ್, ಕತ್ತರಿಯಂಥ ನಾಲಿಗೆ, ನನಗೆ ಕೆಲಸ ಕಲಿಸಿದವರು. ರಕ್ತ ಒರೆಸುವ ತುಂಡುಬಟ್ಟೆ, ಸೂಜಿ, ಚಿಮುಟ. ಒಬ್ಬರು ಎಣಿಸಬೇಕು, ಇನ್ನೊಬ್ಬರು ಹಿಂದೆಯೇ ಹೇಳಬೇಕು. ಲೆಕ್ಕ ಹೊಂದದೆ ಹೊಟ್ಟೆ ಮುಚ್ಚುವಂತಿಲ್ಲ. ಸಿಸ್ಟರ್ ಹೇಳಿದರು: "ಕೌಂಟ್ ಸರಿ ಇದೆ." ಹೊಲಿಗೆ ಶುರುವಾಯಿತು.

ಸರಿ ಇರಲಿಲ್ಲ. ಒಂದು ಕಡಿಮೆ ಇತ್ತು.

ಆಮೇಲೆ ರಕ್ತ ನಿಲ್ಲಲಿಲ್ಲ, ನಿದ್ದೆಯ ಮದ್ದು ಕೊಟ್ಟರು. ಎಚ್ಚರವಾದಾಗ ಮರುದಿನ ಸಂಜೆ. ಮಣ್ಣು ಮಾಡಿ ಆಗಿತ್ತು. ಅತ್ತೆ ಅಂದರು, ನೋಡದಿದ್ದದ್ದೇ ಒಳ್ಳೆದಾಯ್ತು. ಎಲ್ಲರೂ ಅದನ್ನೇ ಅಂದರು. ಗುಬ್ಬಿಯ ಕೈಪಟ್ಟಿಯಲ್ಲಿ ‘ಮಗು 2’ ಎಂದು ಬರೆದಿತ್ತು. ಆ ಪಟ್ಟಿ ನನ್ನ ಡ್ರಾಯರಿನಲ್ಲಿದೆ.

ಮನೆಯವರಲ್ಲಿ ಮುಖ ನೋಡಿದವನು ಮಾಸ್ತರ ಒಬ್ಬನೇ. ಮೊದಲ ತಿಂಗಳು ಎರಡು ಸಲ ಕೇಳಿದೆ. ಅವನ ಬಲಗಾಲು ನೆಲ ಒತ್ತುತ್ತದೆ. ಕಲಿಯುವವರ ಕಾರಿನಲ್ಲಿ ಅವನ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದಲ್ಲ, ಆ ಅಭ್ಯಾಸ. ಊಟದ ಮೇಜಿನ ಕೆಳಗೂ ಒತ್ತುತ್ತಾನೆ. ಮಾತು ಅಲ್ಲೇ ನಿಲ್ಲುತ್ತದೆ.

ಅವಳು ಹೇಗಿದ್ದಳು. ನನಗೆ ಬೇಕಾದದ್ದು ಅಷ್ಟೇ. ರಜೆಯಲ್ಲ, ಸಮುದ್ರವಲ್ಲ. ಹೇಗಿದ್ದಳು ಎಂದು ಒಬ್ಬರಾದರೂ ಹೇಳಿದರೆ ಸಾಕು, ನಾನು ಎರಡೆರಡು ಎತ್ತಿಕೊಳ್ಳುವುದನ್ನು ನಿಲ್ಲಿಸಬಹುದು.

ಅಕ್ಟೋಬರ್ 14, ಮಂಗಳವಾರ

ಕತ್ತರಿ ಸಿಸ್ಟರ್ ಫೋನ್. ಯಾವಾಗ ಬರ್ತೀಯ, ಇಲ್ಲಿರೋ ಹೊಸ ಹುಡುಗೀರಿಗೆ ಹತ್ತರ ಮೇಲೆ ಎಣಿಸೋಕೆ ಬರಲ್ಲ, ಇತ್ಯಾದಿ. ನಕ್ಕೆ. ಆಮೇಲೆ ಹಗುರವಾಗಿ ಒಂದು ಮಾತು.

"ಬಟ್ಟೆ ತಪಾಸಣೆ ನಡೀತಿದೆ ಕಣೇ. ಒಂದು ಹಸಿರು ಟವೆಲ್ ಫೆಬ್ರವರಿಯಿಂದ ಕಾಣ್ತಿಲ್ಲ. ನಂಬರ್ ಹದಿನೇಳು. ನಿನ್ನ ಹೆರಿಗೆ ದಿನ ಬಿಚ್ಚಿದ ಬಟ್ಟೆ ಗಂಟಿಂದು. ಅವತ್ತಿನ ಗಡಿಬಿಡೀಲಿ ನಿನ್ನ ಬಟ್ಟೆ ಜೊತೆ ಏನಾದ್ರೂ ಬಂತಾ?"

"ಇಲ್ಲ ಸಿಸ್ಟರ್."

"ಹೋಗ್ಲಿ ಬಿಡು. ರಿಜಿಸ್ಟರ್ ಮುಚ್ಚಬೇಕಲ್ಲ, ಅದಕ್ಕೆ ಕೇಳಿದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಫೋನ್ ಇಟ್ಟವಳೇ ಬೀರು ಹುಡುಕಿದೆ. ಆಸ್ಪತ್ರೆಯಿಂದ ತಂದ ಚೀಲ ಹುಡುಕಿದೆ. ಬೂಟಿನ ಡಬ್ಬಿ. ಇಲ್ಲ. ನಾನಾಗಿ ತಂದು ಮರೆತಿರಬಹುದೇ? ಈಗ ನನ್ನ ಮೇಲೆ ನನಗೇ ನಂಬಿಕೆ ಇಲ್ಲ.

ಆ ನಂಬರುಗಳನ್ನು ಹೊಲಿದವಳು ನಾನೇ. ಟವೆಲ್ ಕಾಣೆಯಾಗುತ್ತವೆ ಎಂದು ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ಮೂಲೆ ಮೂಲೆಗೆ ಕೆಂಪು ದಾರ. ಹೊಟ್ಟೆ ದೊಡ್ಡದಾಗಿ ನಿಲ್ಲಲು ಆಗದೆ ಇದ್ದಾಗ ಸ್ಟೂಲಿನ ಮೇಲೆ ಕೂತು ಹೊಲಿದೆ.

ಅಕ್ಟೋಬರ್ 16, ಗುರುವಾರ. ಬೆಳಗ್ಗೆ 9.30

ದಡಿಯನ ಹಾಸಿಗೆ ಒಗೆದು ಬಿಸಿಲಿಗೆ ಹಾಕೋಣ ಎಂದುಕೊಂಡೆ. ಯಾರದೋ ಮನೆಗೆ ಆ ನಾತ ಹೊತ್ತು ಹೋಗುವುದು ಹೇಗೆ. ಕೈ ಹಾಕಿದೆ. ದಡಿಯ ಗುರ್ ಎಂದ.

ಹತ್ತು ವರ್ಷದಲ್ಲಿ ಮೊದಲ ಸಲ. ಗುಬ್ಬಿ ಅವನ ಕಿವಿ ಹಿಡಿದು ನೇತಾಡಿದರೂ ಸುಮ್ಮನಿರುವವನು. ಹಲ್ಲು ತೋರಿಸಿ, ಮರುಕ್ಷಣ ತಾನೇ ಹೆದರಿ, ನನ್ನ ಕೈ ನೆಕ್ಕಿದ. ಹಾಸಿಗೆಯಿಂದ ಮಾತ್ರ ಏಳಲಿಲ್ಲ.

ಮಾಸ್ತರನಿಗೆ ಫೋನ್ ಮಾಡಿ ಹೇಳಿದೆ. "ಅದನ್ನ ಮುಟ್ಟಬೇಡ. ನಾನು ನೋಡ್ಕೋತೀನಿ." ದನಿ ಒರಟಾಗಿತ್ತು. ಅವನು ಹಾಗೆ ಮಾತಾಡುವವನಲ್ಲ.

ಅದೇ ದಿನ. 11.50

ಮುಟ್ಟಿದೆ.

ದಡಿಯನನ್ನು ಅಂಗಳಕ್ಕೆ ಬಿಟ್ಟು ಬಾಗಿಲು ಹಾಕಿ, ಹಾಸಿಗೆಯ ಕವರ್ ಬಿಚ್ಚಿದೆ. ಜಿಪ್. ಹತ್ತಿಯ ದಿಂಬು. ದಿಂಬಿನ ಕೆಳಗೆ, ನಾಲ್ಕು ಮಡಿಕೆ, ನೀಟಾಗಿ... ಹಸಿರು.

ಮೂಲೆಯಲ್ಲಿ ಕೆಂಪು ದಾರ. ಹದಿನೇಳು. ನನ್ನದೇ ಏಳು, ನಡುವೆ ಅಡ್ಡಗೀರು.

ಒಗೆದಿಲ್ಲ. ಕಲೆ ಕಂದಾಗಿದೆ, ನನಗೆ ಗೊತ್ತಿರುವ ಕಂದು. ಮೂಗಿಗೆ ಒತ್ತಿಕೊಂಡೆ. ನಾಯಿಯ ವಾಸನೆ ಮಾತ್ರ. ಎಷ್ಟು ಎಳೆದರೂ ನಾಯಿಯ ವಾಸನೆ ಮಾತ್ರ. ಅದರ ಕೆಳಗೆ ಇರುವುದು ದಡಿಯನಿಗೆ ಸಿಗುತ್ತದೆ, ನನಗೆ ಸಿಗುವುದಿಲ್ಲ.

ನಾಯಿಗೆ ಜಿಪ್ ಹಾಕಲು ಬರುವುದಿಲ್ಲ.

ಅಕ್ಟೋಬರ್ 21, ಮಂಗಳವಾರ. ಬೆಳಗ್ಗೆ 10

ಐದು ದಿನ ಬರೆದಿಲ್ಲ. ಅವನ ಜೊತೆ ತುಟಿ ಪಿಟಕ್ ಎಂದಿಲ್ಲ. ಟವೆಲ್ ನನ್ನ ಹತ್ತಿರ ಇದೆ. ದಡಿಯ ಮನೆಯಿಡೀ ಮೂಸುತ್ತಾ ತಿರುಗುತ್ತಾನೆ. ಮಾಸ್ತರ ಅವನನ್ನು ನೋಡುತ್ತಾನೆ, ಹಾಸಿಗೆ ನೋಡುತ್ತಾನೆ, ನನ್ನನ್ನು ನೋಡುತ್ತಾನೆ. ಕೇಳುವ ಧೈರ್ಯ ಅವನಿಗೂ ಇಲ್ಲ. ಗುಬ್ಬಿಗೆ ಮಾತ್ರ ಎಲ್ಲರ ಮೇಲೂ ಪ್ರೀತಿ. ಎರಡು ಹಲ್ಲು ಬಂದಿವೆ.

ಇವತ್ತು ಬೀಚ್ ಮನೆಯಾಕೆಗೆ ನಾನೇ ಫೋನ್ ಮಾಡಿದೆ. ಎರಡು ತೊಟ್ಟಿಲು ಎಂದು ಫಾರಂನಲ್ಲಿತ್ತಾ ಎಂದು ಕೇಳಿದೆ.

"ಫಾರಂನಲ್ಲಿ ಒಂದೇ ಇತ್ತಮ್ಮ. ನಾನೇ ಫೋನ್ ಮಾಡಿ ನಿಮ್ಮ ಯಜಮಾನರನ್ನ ಕೇಳಿದೆ, ಮಕ್ಕಳೆಷ್ಟು ಅಂತ. ಲೈನ್ ಕಟ್ಟಾಯ್ತೇನೋ ಅಂದ್ಕೊಂಡೆ. ಆಮೇಲೆ ಎರಡು ಅಂದ್ರು. ಯಾಕೆ, ಒಂದು ಸಾಕಾ?"

"ಇಲ್ಲ, ಎರಡೂ ಇರಲಿ."

ನಾನು ಒತ್ತಿದ್ದು ಒಂದೇ. ನನ್ನ ಕೈ ತಪ್ಪಿಲ್ಲ. ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ, ಗುಬ್ಬಿ ನನ್ನ ಮುಖ ನೋಡಿ ನಕ್ಕಳು.

ಅಕ್ಟೋಬರ್ 22, ಬುಧವಾರ. ಸಂಜೆ 5

ಗುಬ್ಬಿಯನ್ನು ಒಂದು ಗಂಟೆ ಅತ್ತೆಯ ಹತ್ತಿರ ಬಿಟ್ಟೆ. ಡ್ರೈವಿಂಗ್ ಸ್ಕೂಲಿನ ಮೈದಾನಕ್ಕೆ ಹೋದೆ. ಎಂಟು ತಿಂಗಳಿಂದ ಕಾರು ಮುಟ್ಟಿಲ್ಲ, ದಾರಿಯಲ್ಲಿ ನಿನಗೆ ಕೈ ಬದಲಿಸಲು ಯಾರಾದರೂ ಬೇಕು, ನೆನಪು ಮಾಡಿಕೊಡು ಎಂದೆ. ಮಾಸ್ತರ ಖುಷಿಪಟ್ಟ. ನಾನು ಸ್ಟಿಯರಿಂಗಿಗೆ, ಅವನು ಪಕ್ಕಕ್ಕೆ.

ಒಂದು ಸುತ್ತು ಹಾಕಿದೆ. ಎರಡನೇ ಸುತ್ತಿನ ತಿರುವಿನಲ್ಲಿ ಮಡಿಲಿಂದ ಟವೆಲ್ ತೆಗೆದು ಅವನ ಮುಂದೆ ಇಟ್ಟೆ.

ಬ್ರೇಕ್. ಇಬ್ಬರೂ ಮುಂದಕ್ಕೆ ಮುಗ್ಗರಿಸಿದೆವು. ಕಾರು ಬಂದ್ ಬಿತ್ತು. ಅವನ ಕಾಲು ಪೆಡಲಿನ ಮೇಲೆ ಹಾಗೇ ಇತ್ತು.

"ಕಾಲು ತೆಗಿ," ಎಂದೆ.

ತುಂಬಾ ಹೊತ್ತಾದ ಮೇಲೆ ತೆಗೆದ.

"ಸಿಸ್ಟರ್ ತಂದು ಕೈಗೆ ಕೊಟ್ರು. ಬೆಚ್ಚಗಿದ್ಲು. ನಾನು ಬದುಕಿದಾಳೆ ಅಂದ್ಕೊಂಡು ನಕ್ಕೆ ಕಣೇ. ಸಿಸ್ಟರ್ ಮುಖ ನೋಡಿದ ಮೇಲೆ ಗೊತ್ತಾಯ್ತು." ಟವೆಲಿನ ಮೂಲೆಯನ್ನು ಬೆರಳಲ್ಲಿ ಉಜ್ಜುತ್ತಿದ್ದ. "ಅದಕ್ಕೇ ನಿನಗೆ ಹೇಳೋಕೆ ಆಗ್ಲಿಲ್ಲ. ನಾನು ನಕ್ಕುಬಿಟ್ಟಿದ್ದೆ."

"ಹೇಗಿದ್ಲು?"

"ತುಂಬಾ ಕೂದಲು. ಗುಬ್ಬಿಗಿಂತ ಜಾಸ್ತಿ. ಗಲ್ಲದಲ್ಲಿ ಗುಳಿ. ಎಡಗಿವಿ ತುದಿ ಮಡಚಿತ್ತು, ನಿನ್ನದರ ಹಾಗೇ. ನಾನು ಬಿಡಿಸಿ ನೋಡ್ದೆ, ಮತ್ತೆ ಮಡಚ್ಕೊಂಡ್ತು."

ನನ್ನ ಕಿವಿ ಮುಟ್ಟಿಕೊಂಡೆ. ಬರೆಯುವಾಗಲೂ ಮುಟ್ಟಿಕೊಳ್ಳುತ್ತಿದ್ದೇನೆ.

ಅತ್ತೆ ಬಂದು, ಮುಖ ನೋಡದೆಯೇ ಬೇರೆ ಬಟ್ಟೆ ಸುತ್ತಿ ಕೂಸನ್ನು ತೆಗೆದುಕೊಂಡರಂತೆ. ಟವೆಲ್ ಇವನ ಕೈಯಲ್ಲೇ ಉಳಿಯಿತು. ಮಧ್ಯಾಹ್ನ ದಡಿಯನಿಗೆ ಊಟ ಹಾಕಲು ಮನೆಗೆ ಬಂದಾಗಲೂ ಕೈಯಲ್ಲಿತ್ತು.

"ಅವನಿಗೆ ಯಾಕೆ ಕೊಟ್ಟೆ?"

"ನೀನೇ ಬರೆದಿದ್ಯಲ್ಲ. ಹೆರಿಗೆ ಲಿಸ್ಟ್‌ನಲ್ಲಿ. ಮಗು ಮನೆಗೆ ಬರೋ ಮುಂಚೆ ಅದರ ಬಟ್ಟೆ ನಾಯಿಗೆ ಮೂಸಿಸಬೇಕು, ಮರೀಬೇಡ ಅಂತ. ಫ್ರಿಜ್ ಮೇಲೆ ಅಂಟಿಸಿದ್ದೆ. ಕಣ್ಣಿಗೆ ಬಿತ್ತು, ಕೊಟ್ಟೆ. ತಲೆ ಓಡ್ತಿರಲಿಲ್ಲ. ಯಾವ ಮಗೂದು ಅಂತ ಹೊಳೆಯೋ ಹೊತ್ತಿಗೆ ಅವನು ಅದರ ಮೇಲೆ ಮಲಗಿಬಿಟ್ಟಿದ್ದ. ಕಿತ್ಕೊಳ್ಳೋಕೆ ಮನಸ್ಸು ಬರಲಿಲ್ಲ. ಹಾಸಿಗೆ ಒಳಗೆ ಇಟ್ಟೆ."

ಆಗ ಅರ್ಥವಾಯಿತು. ಹೊಟ್ಟೆಕಿಚ್ಚಲ್ಲ. ದಡಿಯನಿಗೆ ಒಂದು ಮಗು ಬರುತ್ತದೆ ಎಂದು ಹೇಳಿದೆವು, ವಾಸನೆ ತೋರಿಸಿದೆವು. ಬಂದವಳು ಬೇರೆ. ಮೂಸಿದ, ಒಪ್ಪಿಕೊಂಡ, ಆಮೇಲೆ ಬರುತ್ತಾಳೆ ಎಂದು ನಾವು ಹೇಳಿದವಳಿಗಾಗಿ ಬಾಗಿಲಲ್ಲಿ ಕೂತ. ಎಂಟು ತಿಂಗಳು ಅವಳನ್ನು ಬಹಿರಂಗವಾಗಿ ಕಾದವನು ಅವನೊಬ್ಬನೇ. ನಾನು ಡಬ್ಬಿಯಲ್ಲಿ ಬಚ್ಚಿಟ್ಟೆ, ಇವನು ಹಾಸಿಗೆಯಲ್ಲಿ.

"ತೊಟ್ಟಿಲು?"

"ಆಯಮ್ಮ ಎಷ್ಟು ಮಕ್ಕಳು ಅಂದ್ರು. ಒಂದು ಅಂತ ಬಾಯಿಗೆ ಬರಲಿಲ್ಲ."

ಹೊಡೆದೆ. ಭುಜಕ್ಕೆ, ಎರಡು ಸಲ, ಜೋರಾಗಿಯೇ. "ನಾನೊಬ್ಬಳೇ ಹುಚ್ಚಿ ಅಂದ್ಕೊಂಡಿದ್ದೆ ಕಣೋ." ಸುಮ್ಮನೆ ಹೊಡೆಸಿಕೊಂಡ. ಮೈದಾನದ ಆಚೆ ಯಾರೋ ಕಲಿಯುವವರು ಕಾಯುತ್ತಾ ನಿಂತಿದ್ದರು, ನಾನು ಗೇಟಿಗೆ ಗುದ್ದಿದೆನೇನೋ ಎಂದು ನೋಡುತ್ತಿದ್ದರು.

ಅಕ್ಟೋಬರ್ 24, ಶುಕ್ರವಾರ. ಮಧ್ಯಾಹ್ನ 2

ಪ್ಯಾಕಿಂಗ್. ಟವೆಲನ್ನು ದಡಿಯನಿಗೆ ವಾಪಸ್ ಕೊಟ್ಟಿದ್ದೇನೆ. ಮೂತಿ ಹೂತು ಮಲಗಿದ್ದಾನೆ.

ಅತ್ತೆಗೆ ಹೇಳಿದೆ, ಗುಬ್ಬಿ ನಮ್ಮ ಜೊತೆಗೇ ಬರುತ್ತಾಳೆ. ನನ್ನ ಕೈಯಲ್ಲಿದ್ದ ಎರಡು ಹಳದಿ ಟೋಪಿ ನೋಡಿದರು. ಕೆನ್ನೆ ಒರೆಸಿಕೊಂಡು, "ಕುಲಾವೀನೂ ಇದೆ, ನನ್ನ ಬೀರುವಿನಲ್ಲಿ. ಎರಡನೇದು. ಎಸೆಯೋಕೆ ಆಗ್ಲಿಲ್ಲ," ಎಂದರು. ಅವರದೂ ಒಂದು ಡಬ್ಬಿ ಇತ್ತು ಎಂದಾಯಿತು.

ಕತ್ತರಿ ಸಿಸ್ಟರ್‌ಗೆ ಫೋನ್ ಮಾಡಿದೆ. ಹದಿನೇಳು ಸಿಗುವುದಿಲ್ಲ, ರಿಜಿಸ್ಟರ್ ಮುಚ್ಚಿಬಿಡಿ.

"ಏನಂತ ಬರೀಲಿ?"

"ಪೇಷೆಂಟ್ ಜೊತೆ ಹೋಗಿದೆ ಅಂತ ಬರೀರಿ."

ಪುಟ ತಿರುಗಿಸಿದ ಸದ್ದು ಕೇಳಿಸಿತು. "ಅವತ್ತು ಕೌಂಟ್ ಸರಿ ಇದೆ ಅಂದವಳು ನಾನು. ಆ ಮಾತು ನಿನ್ನ ಕಿವಿಗೆ ಬಿತ್ತಲ್ಲ ಅಂತ ಇವತ್ತಿಗೂ ಅನ್ಕೋತೀನಿ ಕಣೇ. ಸರಿ, ಹಾಗೇ ಬರೀತೀನಿ."

ಅಕ್ಟೋಬರ್ 25, ಶನಿವಾರ. ಸಂಜೆ 5.15

ತಲುಪಿದೆವು. ದಾರಿಯಲ್ಲಿ ಗುಬ್ಬಿ ಎರಡು ಸಲ ವಾಂತಿ, ದಡಿಯ ಒಂದು ಸಲ. ಉಪ್ಪುಗಾಳಿ. ಮೆಟ್ಟಿಲಿನವರೆಗೂ ಮರಳು. ನೀರಿನ ಸದ್ದು ಒಂದೇ ಸಮ, ನಿಲ್ಲಿಸಿ ಕೇಳೋಣವೆಂದರೆ ನಿಲ್ಲುವುದಿಲ್ಲ.

ದಡಿಯ ಕಾರಿನಿಂದ ಇಳಿದ. ನನ್ನನ್ನು ಮೂಸಿದ, ಗುಬ್ಬಿಯನ್ನು, ಮಾಸ್ತರನನ್ನು. ಎಂದಿನಂತೆ ಕಾರಿನ ಕಡೆ ಮುಖ ಮಾಡಿ ಕೂತ. ನಾವಿಬ್ಬರೂ ನೋಡುತ್ತಾ ನಿಂತೆವು. ಸಾಮಾನು ಇಳಿಸಲು ಕೈ ಬರಲಿಲ್ಲ.

ಆಮೇಲೆ ಅವನು ಎದ್ದ. ನಮ್ಮನ್ನು ದಾಟಿ, ತಾನೇ ಒಳಗೆ ಹೋದ. ಹಿಂದೆ ಹೋದೆವು. ಕಿಟಕಿಯ ಆ ಕಡೆಯ ತೊಟ್ಟಿಲು, ಗುಬ್ಬಿಯದಲ್ಲ, ಇನ್ನೊಂದು. ಕಂಬಿಗಳ ನಡುವೆ ಮೂತಿ ತೂರಿಸಿ ನಿಂತಿದ್ದ. ಅವನ ಹಾಸಿಗೆ ಇನ್ನೂ ಕಾರಿನಲ್ಲೇ, ಟವೆಲ್ ಅದರೊಳಗೆ. ಅಲ್ಲಿ ಏನೂ ಇರಲಿಲ್ಲ. ಒಗೆದ ಬಿಳಿ ಬಟ್ಟೆ, ಅಷ್ಟೇ. ಬಾಲ ಅಲ್ಲಾಡಿಸುತ್ತಿದ್ದ, ನಿಧಾನವಾಗಿ, ಗೊತ್ತಿರುವವರು ಬಂದಾಗ ಅಲ್ಲಾಡಿಸುವ ಹಾಗೆ. ಆಮೇಲೆ ತೊಟ್ಟಿಲ ಕೆಳಗೆ ಮಲಗಿದ. ಬಾಗಿಲಿಗೆ ಬೆನ್ನು.

ಮೈ ಜುಮ್ಮೆಂದಿತು. ಹೆದರಿಕೆ ಎಂದು ಬರೆಯಲು ಹೊರಟೆ, ಅದಲ್ಲ.

ಮಾಸ್ತರ ಮೆಟ್ಟಿಲ ಮೇಲೆ ಕೂತು ನನ್ನ ಲಿಸ್ಟ್ ತೆಗೆದುಕೊಂಡ. "ಒಬ್ಬರು ಎಣಿಸಬೇಕು, ಇನ್ನೊಬ್ಬರು ಹಿಂದೆ ಹೇಳಬೇಕು, ಅಲ್ವಾ?" ಎಂದ. ಇಷ್ಟು ವರ್ಷ ಇದನ್ನೇ ಆಡಿಕೊಂಡವನು. ಡೈಪರ್, ಬಾಟಲಿ, ಥರ್ಮಾಮೀಟರ್ ಎಲ್ಲ ಹೊಂದಿತು. ಟೋಪಿ ಎರಡು, ಎಂದ. ಎರಡು, ಎಂದೆ. ಪುಟ ತಿರುಗಿಸಿದ. ಮೊದಲ ಸಾಲು, ಬಂದವರು. ದೊಡ್ಡವರು ಎರಡು. ಎರಡು. ನಾಯಿ ಒಂದು. ಒಂದು.

ಅವನ ಬಲಗಾಲು ನೋಡಿದೆ. ಮರಳಿನ ಮೇಲಿತ್ತು, ಸುಮ್ಮನೆ. ಒತ್ತಲಿಲ್ಲ.

ಮಕ್ಕಳು, ಎಂದ —